ಐದು ಕುರ್ಚಿಗಳ ಆವೃತ್ತಿ

ಸೆಪ್ಟೆಂಬರ್ ೩

ಅಕ್ಕಾ, ಅಕ್ಕಾ, ಮದುವೆಯಾಗಿ ಇನ್ನೂ ನಲವತ್ತು ದಿನ ತುಂಬಿಲ್ಲ, ಆಗಲೇ ಕಂಪನಿಗೆ ಯಾವ ಸಾಫ್ಟ್‌ವೇರ್ ತರಬೇಕೆಂದು ತೀರ್ಮಾನಿಸುವ ಕೆಲಸವನ್ನು ಮಾವ ನನ್ನ ಕೈಗೇ ಕೊಟ್ಟುಬಿಟ್ಟರು!

ನಿಧಾನವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನೀನು "ಗಿಣೀ, ಸ್ವಲ್ಪ ಉಸಿರು ತಗೋ" ಅನ್ನುತ್ತೀಯ. ನಿನ್ನೆ ಊಟಕ್ಕೆ ಕೂತಾಗ ಮಾವ ಒಂದು ದಪ್ಪ ಪುಸ್ತಕ ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟರು. ತೊಂಬತ್ತು ಪುಟ, ಪೂರ್ತಿ ಇಂಗ್ಲಿಷ್. "ನೋಡಮ್ಮಾ, ನನ್ನ ಇಂಗ್ಲಿಷು ಗುಂಡಿ ಮಾರೋವಷ್ಟು, ನಿನ್ನ ಗಂಡಂದು ಸಾರಿ ಕೇಳೋವಷ್ಟು. ನೀನೇ ಓದಿ ಯಾವುದು ನಮಗಾಗುತ್ತೆ ಹೇಳಿಬಿಡು" ಅಂದರು. ಇವರು ತಟ್ಟೆ ನೋಡಿಕೊಂಡು ನಕ್ಕರು. ("ಇವರು" ಎಂದು ಬರೆಯುವಾಗ ಇನ್ನೂ ಕಿವಿ ಬಿಸಿಯಾಗುತ್ತದೆ ಅಕ್ಕಾ, ಬೈಯಬೇಡ!)

ಕೆಳಗಿನ ಮಹಡಿಯೇ ಅಂಗಿಗುಂಡಿಯ ಕಾರ್ಖಾನೆ ಎಂದು ನಿನಗೆ ಗೊತ್ತಲ್ಲ. ಬೆಳಗ್ಗೆ ಏಳಕ್ಕೆ ಯಂತ್ರ ಶುರುವಾದರೆ ನಮ್ಮ ಮಂಚವೂ ಸಣ್ಣಗೆ ನಡುಗುತ್ತದೆ. ಆರ್ಡರು, ಮಾಲು, ಬಿಲ್ಲು, ಸಂಬಳ, ಎಲ್ಲ ಈಗ ಬೇರೆ ಬೇರೆ ಪುಸ್ತಕದಲ್ಲಿದೆ. ಇನ್ನು ಮುಂದೆ ಎಲ್ಲ ಒಂದೇ ಕಡೆ. ಆ ಸಾಫ್ಟ್‌ವೇರಿನಲ್ಲಿ ಮೂರು ಆವೃತ್ತಿ: ಸಣ್ಣದರಲ್ಲಿ ಐದು ಜನ ಕೆಲಸ ಮಾಡಬಹುದು, ನಡುವಿನದರಲ್ಲಿ ಹದಿನೈದು ಜನ, ದೊಡ್ಡದು ಹತ್ತಾರು ಶಾಖೆ ಇರುವವರಿಗೆ. ಉಳಿದದ್ದು ಹೆಚ್ಚುಕಡಿಮೆ ಒಂದೇ. ಬಣ್ಣದ ಪೆನ್ನುಗಳಲ್ಲಿ ಒಂದು ಪಟ್ಟಿ ಮಾಡಿದೆ, ನೀನು ನೋಡಿದ್ದರೆ ಫ್ರೇಮು ಹಾಕಿಸುತ್ತಿದ್ದೆ! ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ, ಎಷ್ಟು ಜನ ಎನ್ನುವುದು. ಆಫೀಸಿನ ಬಾಗಿಲಲ್ಲೇ ನಿಂತು ಎಣಿಸಿಬಿಟ್ಟೆ. ಮಾವ, ಇವರು, ಲೆಕ್ಕದವರು, ಆರ್ಡರ್ ಬರೆದುಕೊಳ್ಳುವವರು, ಪಾರ್ಸಲ್ ಕಳಿಸುವವರು. ಐದು ಮೇಜು, ಐದು ಕುರ್ಚಿ. ಸಣ್ಣದೇ ಸಾಕು!

ಆಸ್ಪತ್ರೆಯ ಸ್ಟೋರಿಗೆ ನೀನಿದ್ದಂತೆ ಇಲ್ಲೂ ಒಬ್ಬರಿದ್ದಾರೆ. ಎಲ್ಲರೂ "ಉಗ್ರಾಣದಮ್ಮ" ಅನ್ನುತ್ತಾರೆ. ಇಪ್ಪತ್ತಾರು ವರ್ಷದಿಂದ ಗುಂಡಿಗಳ ಕೋಣೆ ಅವರದು. ಗೋಡೆ ತುಂಬ ನಾನೂರು ಖಾನೆ, ಪ್ರತಿ ಖಾನೆಯ ಮುಖಕ್ಕೆ ಒಂದು ಗುಂಡಿ ಹೊಲಿದ ಬಟ್ಟೆಯ ತುಂಡು. ಸಣ್ಣ ಏಣಿ ಹತ್ತಿ ಇಳಿಯುತ್ತ ಇಡೀ ದಿನ ನಿಂತೇ ಇರುತ್ತಾರೆ. ಕೋಪ ಮೂಗಿನ ತುದಿಯಲ್ಲಿ. ಥೇಟ್ ನೀನೇ!

ವಾರಕ್ಕೊಂದು ಪತ್ರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ, ನನ್ನ ಬರೆಯುವ ಕನ್ನಡಕ್ಕೆ ತುಕ್ಕು ಹಿಡಿಯದಿರಲಿ ಎಂದು. ನೋಡು, ಉಳಿಸಿಕೊಂಡೆ.

ನಿನ್ನ ಗಿಣಿ


ಸೆಪ್ಟೆಂಬರ್ ೧೧

ಗಿಣಿ,

ಪತ್ರ ಬಂತು. ಸಂತೋಷ. ಉದ್ಗಾರ ಚಿಹ್ನೆಗಳನ್ನು ಒಂದಿಷ್ಟು ಉಳಿಸಿಕೋ, ಮುಂದೆ ಬೇಕಾಗುತ್ತವೆ.

ಒಂದು ಮಾತು. ಆ ಉಗ್ರಾಣದಮ್ಮನನ್ನು ಕೇಳಿದೆಯಾ? ಯಾವ ಕಂಪನಿಯಲ್ಲಾದರೂ ಮಾಲು ಎಷ್ಟಿದೆ, ಎಲ್ಲಿದೆ ಎಂದು ನಿಜವಾಗಿ ಗೊತ್ತಿರುವುದು ಒಬ್ಬರಿಗೇ. ಅವರಿಗೆ ಸಾಮಾನ್ಯವಾಗಿ ಕುರ್ಚಿ ಇರುವುದಿಲ್ಲ. ಪುಸ್ತಕ ಮುಚ್ಚಿಟ್ಟು ಒಂದು ದಿನ ಅವರ ಪಕ್ಕ ನಿಂತು ನೋಡು.

ಆಸ್ಪತ್ರೆಯಲ್ಲಿ ಎಲ್ಲ ಹಾಗೇ ಇದೆ. ಹಾಸಿಗೆ ಬಟ್ಟೆ ಬರುತ್ತದೆ, ಹೋಗುತ್ತದೆ. ನಿನ್ನ ಮಾವನವರು ನನ್ನ ಕೆಲಸದ ಬಗ್ಗೆ ವಿಚಾರಿಸಿದರೆ ನಮಸ್ಕಾರ ಹೇಳು, ಸಾಕು.

ಅಕ್ಕ


ಸೆಪ್ಟೆಂಬರ್ ೧೬

ಅಕ್ಕಾ,

ಕೇಳಿದೆ, ಎಲ್ಲರನ್ನೂ ಕೇಳಿದೆ! ನೀನು ನಿನ್ನ ಸ್ಟೋರಿನ ಕಿಟಕಿಯಿಂದಲೇ ಇಡೀ ಪ್ರಪಂಚ ನೋಡುತ್ತೀಯ. ಇದು ಆಸ್ಪತ್ರೆಯಲ್ಲ ಅಕ್ಕಾ, ಸಣ್ಣ ಕಾರ್ಖಾನೆ. ಎಲ್ಲ ಸರಿಯಾಗಿಯೇ ನೋಡಿದ್ದೇನೆ.

ಮಾವ ನಿನ್ನೆ ಐದೂ ಜನರನ್ನು ಕೂರಿಸಿ ನನ್ನ ಪಟ್ಟಿ ತೋರಿಸಿದರು. "ಊರೋರೆಲ್ಲ ದೊಡ್ಡದು ತಗೋ ದೊಡ್ಡದು ತಗೋ ಅಂದ್ರು. ನನ್ನ ಸೊಸೆ ನೋಡಿ, ಸಣ್ಣದೇ ಸಾಕು ಅಂದ್ಲು. ಓದಿದೋರು ಮನೇಲಿದ್ರೆ ಹೀಗೆ" ಅಂದರು. ಲೆಕ್ಕದವರು ಚಪ್ಪಾಳೆ ತಟ್ಟಿದರು ಗೊತ್ತಾ? ಆಮೇಲೆ ಇವರು ಮೆಟ್ಟಿಲ ಮೇಲೆ ಸಿಕ್ಕಿ, "ಮೇಡಂ, ನನಗೂ ಒಂದು ಪಾಸ್‌ವರ್ಡ್ ಕೊಡ್ತೀರಾ?" ಅಂತ ಕೈಮುಗಿದರು. ಬಿದ್ದು ಬಿದ್ದು ನಕ್ಕೆ!

ಸಾಫ್ಟ್‌ವೇರ್ ಮಾರಾಟದವರು ಅಕ್ಟೋಬರ್ ಒಂದಕ್ಕೆ ಬಂದು ಎಲ್ಲ ಜೋಡಿಸಿ ಕೊಡುತ್ತಾರೆ. ತಲೆ ನೆರೆತವರು, ಭಾರದ ಚೀಲ ಹೊತ್ತುಕೊಂಡು ಮೂರು ಮಹಡಿ ಹತ್ತಿ ಬರುತ್ತಾರೆ, ಪಾಪ. ಕಾರ್ಖಾನೆ ತುಂಬ ಅದೇ ಸುದ್ದಿ. ಉಗ್ರಾಣದಮ್ಮ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರಂತೆ. ವಯಸ್ಸಾಯಿತಲ್ಲ, ಗುಂಡಿಯ ತೂತು ಕಾಣಿಸಲಿಕ್ಕಿಲ್ಲ.

ಗಿಣಿ


ಸೆಪ್ಟೆಂಬರ್ ೨೪

ಗಿಣಿ,

ಎಲ್ಲರನ್ನೂ ಕೇಳಿದೆ ಅಂದೆಯಲ್ಲ, ಸಮಾಧಾನವಾಯಿತು. ನನ್ನ ಮಾತಿಗೆ ಬೇಸರ ಮಾಡಿಕೊಳ್ಳಬೇಡ. ಕಿಟಕಿಯ ಮಾತು ನಿಜವೇ.

ಕನ್ನಡಕ ಗುಂಡಿಗೆ ಮಾಡಿಸಿದ್ದಲ್ಲ ಎಂದು ನನಗನ್ನಿಸುತ್ತದೆ. ಇಪ್ಪತ್ತಾರು ವರ್ಷ ಇಲ್ಲದ ಕನ್ನಡಕ ಈಗ್ಯಾಕೆ? ಅವರಿಗೆ ಮೊದಲ ದಿನ ಸ್ವಲ್ಪ ಹೆಚ್ಚು ಹೊತ್ತು ಕೊಡು.

ಹೇಗಾಯಿತು ಎಂದು ಬರೆ.

ಅಕ್ಕ


ಅಕ್ಟೋಬರ್ ೧೨

ಗಿಣಿ,

ನಿನ್ನ ಪತ್ರ ಬಂದು ಮೂರು ವಾರದ ಮೇಲಾಯಿತು. ಫೋನು ಮಾಡಿದರೆ "ಚೆನ್ನಾಗಿದ್ದೀನಿ ಅಕ್ಕಾ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀಯ. ಆ ಆಮೇಲೆ ಬರುವುದೇ ಇಲ್ಲ. ಗಂಡನ ಸಂಗಡ ತಿರುಗಾಡುತ್ತಿದ್ದೀಯ ಎಂದುಕೊಂಡಿದ್ದೇನೆ. ಹಾಗಿದ್ದರೆ ಬರೆಯದಿದ್ದರೂ ಸರಿ.

ಅಕ್ಕ


ಅಕ್ಟೋಬರ್ ೧೫

ಅಕ್ಕ,

ಚೆನ್ನಾಗಿದ್ದೇನೆ. ಕೆಲಸ ಜಾಸ್ತಿ. ಸಾಫ್ಟ್‌ವೇರ್ ಬಂತು. ಸ್ವಲ್ಪ ತೊಂದರೆ ಇದೆ, ಮಾರಾಟದವರು ಸರಿಯಾಗಿ ವಿವರ ಕೊಟ್ಟಿರಲಿಲ್ಲ. ಸರಿಹೋಗುತ್ತದೆ. ಇಲ್ಲಿ ಚಳಿ ಶುರುವಾಗಿದೆ.

ಗಿಣಿ


ಅಕ್ಟೋಬರ್ ೨೦

ಗಿಣಿ,

ನಿನ್ನ ಪತ್ರದಲ್ಲಿ ಒಂದೂ ಉದ್ಗಾರ ಚಿಹ್ನೆ ಇಲ್ಲ. ಏನಾಯಿತು?

ಅಕ್ಕ


ಅಕ್ಟೋಬರ್ ೨೫

ಅಕ್ಕಾ,

ನಿನಗೆ ಸುಳ್ಳು ಹೇಳಿದೆ. ಯಾರನ್ನೂ ಕೇಳಿರಲಿಲ್ಲ.

ನಿನ್ನ ಮೊದಲ ಪತ್ರ ಬಂದ ದಿನ ಉಗ್ರಾಣದ ತನಕ ಹೋಗಿದ್ದೆ. ಅದಕ್ಕೆ ಅರ್ಧ ಬಾಗಿಲು, ಮೇಲಿನರ್ಧ ಯಾವಾಗಲೂ ತೆರೆದಿರುತ್ತದೆ. ಅವರು ಏಣಿಯ ಮೇಲಿದ್ದರು, ಬೆನ್ನು ಈ ಕಡೆ. ಕೇಳಿದರೆ ಐದು ಆರಾಗುತ್ತದೆ ಎಂದು ಒಳಗೊಳಗೇ ಗೊತ್ತಿತ್ತು. ಆರಾದರೆ ನನ್ನ ಪಟ್ಟಿ ತಪ್ಪು. ಅದನ್ನು ಆಗಲೇ ಮಾವನಿಗೆ ಕೊಟ್ಟಾಗಿತ್ತು, ಅವರು ಅದನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ಸದ್ದಿಲ್ಲದೆ ವಾಪಸು ಬಂದೆ.

ಅಕ್ಟೋಬರ್ ಒಂದರಂದು ಮಾರಾಟದವರು ಬಂದರು. ಒಬ್ಬೊಬ್ಬರನ್ನೇ ಕರೆದು ಒಂದೊಂದು ಲಕೋಟೆ ಕೊಟ್ಟರು, ಒಳಗೆ ಅವರವರ ಪಾಸ್‌ವರ್ಡು. ಐದು ಲಕೋಟೆ. ಉಗ್ರಾಣದಮ್ಮ ಬಾಗಿಲ ಪಕ್ಕ ನಿಂತಿದ್ದರು. ಕೈ ತೊಳೆದುಕೊಂಡು ಬಂದಿದ್ದರು, ಇನ್ನೂ ಒದ್ದೆಯಿತ್ತು. ಮೂಗಿನ ಮೇಲೆ ಹೊಸ ಕನ್ನಡಕ. ಐದನೆಯ ಲಕೋಟೆ ಹೋದ ಮೇಲೂ ಅವರು ನಿಂತೇ ಇದ್ದರು. ಆಮೇಲೆ ನನ್ನನ್ನೇ ನೋಡಿ ಕೇಳಿದರು.

"ನಂದೆಲ್ಲಿ ತಾಯಿ?"

ನಾನು ಏನೆಂದೆ ಗೊತ್ತಾ? ಬರೆಯಲು ಕೈ ಬರುವುದಿಲ್ಲ. "ಅಯ್ಯೋ, ನಿಮಗ್ಯಾಕಮ್ಮಾ ಈ ತಾಪತ್ರಯ! ಇದೆಲ್ಲ ಇಂಗ್ಲಿಷಲ್ಲಿದೆ. ನೀವು ಬಾಯಲ್ಲಿ ಹೇಳಿ ಸಾಕು, ಯಾರಾದ್ರೂ ಟೈಪ್ ಮಾಡ್ಕೋತಾರೆ" ಅಂದು ನಕ್ಕೆ. ನಾನು ನಕ್ಕಿದ್ದಕ್ಕೆ ಎಲ್ಲರೂ ನಕ್ಕರು. ಅವರು ಕನ್ನಡಕ ತೆಗೆದು ಮಡಚಿ ಡಬ್ಬಿಗೆ ಹಾಕಿದರು. ಆ ಡಬ್ಬಿ ಮುಚ್ಚಿದ ಸದ್ದು ಇನ್ನೂ ಕಿವಿಯಲ್ಲಿದೆ ಅಕ್ಕಾ.

ಮರುದಿನ ಬೆಳಗ್ಗೆ ಮಾವನ ಮೇಜಿನ ಮೇಲೆ ಉಗ್ರಾಣದ ಬೀಗದ ಕೈ ಗೊಂಚಲಿತ್ತು. ಅವರು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಬಿಳಿ ಗುಂಡಿಯಲ್ಲೇ ಹದಿನಾಲ್ಕು ಬಗೆ ಇದೆಯಂತೆ. ಪರದೆಯ ಮೇಲೆ ಎಲ್ಲಕ್ಕೂ ಒಂದೊಂದು ಸಂಖ್ಯೆ. ಖಾನೆಗಳ ಮೇಲೆ ಸಂಖ್ಯೆಯೇ ಇಲ್ಲ, ಬರೀ ಹೊಲಿದ ಗುಂಡಿ. ಎರಡಕ್ಕೂ ಇದ್ದ ನಂಟು ಆಕೆಯ ತಲೆಯೊಳಗಿತ್ತು. ವೈದ್ಯರ ಕೋಟು ಹೊಲಿಯುವವರಿಗೆ ಬಿಸಿ ತಡೆಯದ ಬಿಳಿ ಹೋಯಿತು. ಇಸ್ತ್ರಿಪೆಟ್ಟಿಗೆ ತಾಗಿದೊಡನೆ ಗುಂಡಿಗಳೆಲ್ಲ ಬಟ್ಟೆಗೆ ಅಂಟಿಕೊಂಡವು. ಅವರು ಒಂದು ಕೋಟನ್ನು ಪೊಟ್ಟಣ ಕಟ್ಟಿ ಕಳಿಸಿದರು. ಮಾವ ಅದನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿದ್ದಾರೆ.

ಇನ್ನೂ ಮುಗಿದಿಲ್ಲ. ಮಾವ ಮಾರಾಟದವರನ್ನು ಕರೆಸಿ, "ಉಗ್ರಾಣದೋರನ್ನೂ ಎಣಿಸಬೇಕು ಅಂತ ನೀವು ಯಾಕ್ರೀ ಮೊದಲೇ ಹೇಳ್ಲಿಲ್ಲ?" ಎಂದು ಕೂಗಾಡಿದರು. ಅವರು ಮೆಲ್ಲಗೆ, "ಸಾರ್, ಮೇಡಮ್ಮಿಗೆ ಬರೆದಿದ್ದೆ" ಅಂದರು. ಮಾವ ನನ್ನ ಕಡೆ ತಿರುಗಿದರು. "ನನಗೆ ನೆನಪಿಲ್ಲ ಮಾವ" ಅಂದೆ.

ಬರೆದಿದ್ದರು ಅಕ್ಕಾ. ಸೆಪ್ಟೆಂಬರ್ ಹನ್ನೆರಡಕ್ಕೆ ಇ-ಮೇಲ್ ಬಂದಿದೆ. ಉಗ್ರಾಣದಲ್ಲಿ ಯಾರಿದ್ದಾರೆ, ಅವರನ್ನೂ ದಯವಿಟ್ಟು ಎಣಿಸಿ ಎಂದು. ಅದರ ಕೆಳಗೇ ನನ್ನ ಉತ್ತರವಿದೆ, ಒಂದೇ ಸಾಲು: ಅಲ್ಲಿ ಎಣಿಸುವಂಥವರು ಯಾರೂ ಇಲ್ಲ. ಕಂಪನಿಯ ಮೇಲ್‌ನಲ್ಲಿ ಯಾರು ಬೇಕಾದರೂ ನೋಡುವಂತೆ ಬಿದ್ದಿದೆ. ಆದರೆ ಇಂಗ್ಲಿಷ್ ಅಂದರೆ ಎಲ್ಲರೂ ನನ್ನ ಕಡೆಗೇ ತಳ್ಳುತ್ತಾರೆ, ಇವರೂ ಸೇರಿ. ಓದುವವಳು ನಾನೊಬ್ಬಳೇ. ಅದಕ್ಕೇ ಬಚಾವಾಗಿದ್ದೇನೆ.

ಆ ಮನುಷ್ಯ ಚೀಲ ಹೊತ್ತುಕೊಂಡು ಮೆಟ್ಟಿಲಿಳಿದು ಹೋದರು. ಅವರ ಮೇಲಿನವರಿಗೆ ದೂರು ಬರೆಯಬೇಕಂತೆ. ಬರೆಯುವ ಕೆಲಸವೂ ನನಗೇ ಬಂದಿದೆ. ಹತ್ತು ದಿನದಿಂದ "ಬರೀತಿದ್ದೀನಿ ಮಾವ" ಅನ್ನುತ್ತಿದ್ದೇನೆ. ಕನ್ನಡಿ ನೋಡಲು ನಾಚಿಕೆಯಾಗುತ್ತದೆ. ಬೈದು ಬರೆ.

ಗಿಣಿ


ಅಕ್ಟೋಬರ್ ೩೧

ಗಿಣಿ,

ಬೈಯಲು ಕೂತೆ. ಎರಡು ಹಾಳೆ ಹರಿದೆ. ನಿನ್ನನ್ನು ಬೈಯುವ ಮುಖ ನನಗೂ ಇಲ್ಲ.

ನಾನೀಗ ಸ್ಟೋರಿನಲ್ಲಿಲ್ಲ. ನಿನ್ನ ಮದುವೆಗೆ ಮೂರು ತಿಂಗಳು ಮುಂಚೆಯೇ ಆಸ್ಪತ್ರೆಯಲ್ಲೂ ಕಂಪ್ಯೂಟರು ಬಂತು. ನನಗೂ ಲಕೋಟೆ ಕೊಟ್ಟಿದ್ದರು. "ಬರುತ್ತಾ?" ಅಂದರು, "ಬರುತ್ತೆ" ಅಂದೆ. ಹತ್ತೊಂಬತ್ತು ವರ್ಷ ಆ ಕಿಟಕಿಯಲ್ಲಿ ನಿಂತವಳು ಬರುವುದಿಲ್ಲ ಎಂದು ಹೇಗೆ ಹೇಳಲಿ? ಪರದೆಯ ಮೇಲಿನ ಇಂಗ್ಲಿಷ್ ಪದಗಳನ್ನು ಓದಲಾಗುತ್ತಿರಲಿಲ್ಲ. ಆಕಾರ ನೋಡಿ ನೆನಪಿಟ್ಟುಕೊಳ್ಳುತ್ತಿದ್ದೆ. ತಿಳಿಯದ ಪದವನ್ನು ಅಂಗೈಯಲ್ಲಿ ಬರೆದುಕೊಂಡು ಮನೆಗೆ ಬರುತ್ತಿದ್ದೆ. ಕೇಳಿದ್ದರೆ ಅಲ್ಲಿ ಯಾರಾದರೂ ಹೇಳಿಕೊಡುತ್ತಿದ್ದರು. ಕೇಳಲಿಲ್ಲ. ಒಂದು ದಿನ ಆಪರೇಷನ್ ಕೋಣೆಗೆ ಹೋಗಬೇಕಾದ ಬಟ್ಟೆಯನ್ನು ಹೋಯಿತು ಎಂದು ಒತ್ತಿದೆ, ಹೋಗಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಕೆಲಸದಿಂದ ತೆಗೆಯಲಿಲ್ಲ. ಮಡಚುವ ಕೋಣೆಗೆ ಹಾಕಿದರು. ಈಗ ಒಗೆದು ಬಂದ ಹಾಸಿಗೆ ಬಟ್ಟೆಗಳನ್ನು ಮಡಚುತ್ತೇನೆ.

ನಿನ್ನ ಮಾವನ ಮನೆಯವರಿಗೆ ಸ್ಟೋರ್ ನೋಡಿಕೊಳ್ಳುತ್ತಾಳೆ ಎಂದೇ ಹೇಳಿದ್ದೆವು. ಅವತ್ತು ನಾನು ತಲೆ ತಗ್ಗಿಸಿ ಕೂತಿದ್ದನ್ನು ನೋಡಿ ನೀನು "ಅಕ್ಕನಿಗೆ ನನ್ನನ್ನು ಕಳಿಸೋ ಬೇಜಾರು" ಅಂದೆ. ನಾನೂ ಹೌದು ಅಂದುಬಿಟ್ಟೆ.

ಆ ಹೆಂಗಸು ಲಕೋಟೆಗಾಗಿ ಕೈ ತೊಳೆದುಕೊಂಡು ಬಂದಳಲ್ಲ, ಅದನ್ನು ಓದಿ ನಾನು ತುಂಬ ಹೊತ್ತು ಕೂತುಬಿಟ್ಟೆ. ಆಕೆ ನಿಂತು ಕೇಳಿದಳು ಗಿಣಿ, ಎಲ್ಲರೆದುರು. ನನ್ನಿಂದ ಆಗದ ಕೆಲಸ ಅದು. ಆ ದೂರನ್ನು ಮಾತ್ರ ಬರೆಯಬೇಡ. ಮುಂದಿನದು ನಿನಗೆ ಬಿಟ್ಟದ್ದು.

ಅಕ್ಕ


ನವೆಂಬರ್ ೧೬

ಅಕ್ಕಾ,

ನಿನ್ನ ಪತ್ರ ಓದಿ ಮುಗಿಸುವಷ್ಟರಲ್ಲಿ ನನಗೊಂದು ಸಂಜೆ ನೆನಪಾಯಿತು. ನಾನು ಮಂಚದ ಮೇಲೆ ಬಿದ್ದುಕೊಂಡು ಇವರ ಜೊತೆ ಫೋನಿನಲ್ಲಿದ್ದೆ. ನೀನು ಬಂದು ಪಕ್ಕದಲ್ಲಿ ನಿಂತು ಅಂಗೈ ಚಾಚಿ, "ಇದೇನು ಪದ?" ಅಂದೆ. ಇಂಗ್ಲಿಷಿನಲ್ಲಿ "ಪೆಂಡಿಂಗ್" ಎಂದು ಬರೆದಿತ್ತು, ಬೆವರಿಗೆ ಅರ್ಧ ಅಳಿಸಿತ್ತು. ನಾನು ಫೋನಿನಲ್ಲಿ ಇವರಿಗೆ, "ನೋಡಿ, ನಮ್ಮಕ್ಕನಿಗೆ ಪೆಂಡಿಂಗ್ ಅಂದ್ರೇನು ಗೊತ್ತಿಲ್ವಂತೆ!" ಎಂದು ನಕ್ಕೆ. ನೀನು ಅಡುಗೆಮನೆಗೆ ಹೋಗಿ ಕೈ ತೊಳೆದುಕೊಂಡೆ. ಅದಾದ ಮೇಲೆ ನೀನು ಒಂದು ಪದವನ್ನೂ ಕೇಳಲಿಲ್ಲ. ಪತ್ರದಲ್ಲಿ ನೀನು ಇದನ್ನು ಬರೆದಿಲ್ಲ. ಬರೆಯುವವಳೂ ಅಲ್ಲ. ನನಗೆ ಅಕ್ಷರ ಕಲಿಸಿದವಳು ನೀನು. ನಾನು ಎರಡು ಸಲ ಒಂದೇ ನಗು ನಕ್ಕಿದ್ದೇನೆ.

ನಿನ್ನ ಪತ್ರ ಬಂದ ಮರುದಿನ ಬೆಳಗ್ಗೆ ಯಂತ್ರ ಶುರುವಾಗುವ ಮೊದಲೇ ಆಫೀಸಿಗೆ ಹೋಗಿ ನಿಂತೆ. ಐದೂ ಕುರ್ಚಿ ತುಂಬಿದ ಮೇಲೆ ಆ ಇ-ಮೇಲನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ನನ್ನ ಉತ್ತರವನ್ನೂ ಹೇಳಿದೆ. ಮಾವ, "ಇನ್ನೊಂದ್ಸಲ ಓದು" ಅಂದರು. ಓದಿದೆ. "ನೆನಪಿಲ್ಲ ಅಂದಿದ್ದೆ" ಅಂದರು. "ನೆನಪಿತ್ತು ಮಾವ" ಅಂದೆ. ಇವರು ತಲೆಯೆತ್ತಲೇ ಇಲ್ಲ. ಮಾವ ಗಾಜಿನ ಕೆಳಗಿಂದ ನನ್ನ ಬಣ್ಣದ ಪಟ್ಟಿಯನ್ನು ಎಳೆದು ತೆಗೆದು ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಗೋಡೆಯ ಕಡೆ ನೋಡುತ್ತ, "ಇಪ್ಪತ್ತಾರು ವರ್ಷ ಆಕೆಗೊಂದು ಕುರ್ಚಿ ಹಾಕಿಸ್ಲಿಲ್ಲ ನಾನು. ನೀನು ಎಣಿಸೋದಾದ್ರೂ ಹೇಗೆ" ಅಂದರು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಕುರ್ಚಿ ಇಲ್ಲದಿದ್ದರೂ ಮನುಷ್ಯರು ಕಾಣುತ್ತಾರಲ್ಲ.

ಮಾರಾಟದವರಿಗೆ ಮಾವ ತಾವೇ ಫೋನು ಮಾಡಿದರು, ತಪ್ಪು ನಮ್ಮದೇ ಎಂದರು. ನಾನೂ ಕ್ಷಮೆ ಕೇಳಿದೆ. ಅವರು, "ಆಯ್ತು ಮೇಡಂ, ಯಾವ ಆವೃತ್ತಿ ಬೇಕು ಈಗ?" ಎಂದಷ್ಟೇ ಕೇಳಿದರು. ಮಧ್ಯದ್ದು ಅಂದೆ.

ಅದೇ ಸಂಜೆ ಉಗ್ರಾಣದಮ್ಮನ ಮನೆಗೆ ಒಬ್ಬಳೇ ಹೋದೆ. ಎರಡು ಬೀದಿ ಆಚೆ, ಚಪ್ಪಲಿ ರಿಪೇರಿ ಅಂಗಡಿಯ ಮೇಲೆ. ಬಾಗಿಲು ಅರ್ಧ ತೆರೆದು ನಿಂತರು, ಒಳಗೆ ಕರೆಯಲಿಲ್ಲ.

"ಅವತ್ತು ಮೊದಲು ನಕ್ಕಿದ್ದು ಯಾರು?" ಅಂದರು.

"ನಾನೇ."

"ಗೊತ್ತು. ಬೇರೆಯೋರ ಹೆಸರು ಹೇಳಿದ್ರೆ ಬಾಗಿಲು ಹಾಕ್ತಿದ್ದೆ." ಆಮೇಲೆ, "ಇಂಗ್ಲಿಷಲ್ಲಿದೆ ಅಂದ್ರಲ್ಲ, ಯಂತ್ರದ ಮೇಲೂ ಇಂಗ್ಲಿಷೇ ಇತ್ತು. ಅದು ಕೆಟ್ಟಾಗ ಯಾವ ಗುಂಡಿ ಒತ್ಬೇಕು ಅಂತ ನಿಮ್ಮ ಮಾವನಿಗೆ ತೋರಿಸ್ಕೊಟ್ಟಿದ್ದು ಯಾರು ಕೇಳಿ" ಅಂದರು.

ಕ್ಷಮಿಸಿ ಅಂದೆ. "ಅದನ್ನ ನಿಮ್ಮ ಹತ್ರಾನೇ ಇಟ್ಕೊಳ್ಳಿ, ಇನ್ನೊಂದು ಸಲ ನಗು ಬಂದಾಗ ಬೇಕಾಗುತ್ತೆ" ಅಂದರು. ಅಳು ಬಂತು. ಅವರು ಅದಕ್ಕೂ ಕರಗಲಿಲ್ಲ. "ಸೋಮವಾರ ಬರ್ತೀನಿ. ನಿಮಗೋಸ್ಕರ ಅಲ್ಲ, ನಾನೂರು ಖಾನೆ ಹಾಳಾಗ್ತಿದೆ ಅಂತ. ಹತ್ತು ದಿನ ನೀವು ನನ್ನ ಜೊತೆ ನಿಲ್ಬೇಕು. ಕೂರೋ ಹಾಗಿಲ್ಲ. ಮತ್ತೆ ನನಗೊಂದು ಕುರ್ಚಿ ಹಾಕಿಸಿ. ನಾನು ಕೂರಲ್ಲ. ಆದ್ರೂ ಹಾಕಿಸಿ."

ಕುರ್ಚಿ ಬಂತು. ಆರನೆಯ ಲಕೋಟೆಯೂ ಬಂತು. ಅವರು ಅದನ್ನು ಒಡೆಯಲು ಕನ್ನಡಕ ಹಾಕಿಕೊಂಡರು. ಕುರ್ಚಿಯ ಮೇಲೆ ಈಗ ಕನ್ನಡಕದ ಡಬ್ಬಿ ಕೂತಿರುತ್ತದೆ. ನನ್ನ ಕಾಲು ಊದಿಕೊಂಡಿದೆ. ಅವರು ಗುಂಡಿಯನ್ನು ನನ್ನ ಕೈಗೆ ಹಾಕಿ, "ಕಣ್ಣು ಮುಚ್ಕೊಂಡು ಹೇಳಿ, ಯಾವ ಬಿಳಿ?" ಅನ್ನುತ್ತಾರೆ. ತಪ್ಪಾದರೆ ನಗುವುದಿಲ್ಲ. ಇನ್ನೊಂದು ಗುಂಡಿ ಹಾಕುತ್ತಾರೆ, ಅಷ್ಟೇ. ಪರದೆಯ ಪದಗಳನ್ನು ಅವರು ಕೇಳುತ್ತಾರೆ, ನಾನು ಹೇಳುತ್ತೇನೆ. ಸಲೀಸಾಗಿ ಕೇಳುತ್ತಾರೆ ಅಕ್ಕಾ, ಒಂದೇ ಪದವನ್ನು ಮೂರು ಸಲವಾದರೂ. "ಪೆಂಡಿಂಗ್" ಬಂದ ದಿನ ಅರ್ಥ ಹೇಳದೆ ಸುಮ್ಮನೆ ಪರದೆಯನ್ನು ಒರೆಸತೊಡಗಿದೆ. "ಯಾಕೆ, ಅಷ್ಟು ಕಷ್ಟದ ಪದಾನಾ?" ಅಂದರು.

ಇವರು ಮೊನ್ನೆಯವರೆಗೂ ಸರಿಯಾಗಿ ಮಾತಾಡಿರಲಿಲ್ಲ. ನಿನ್ನೆ ನಿನ್ನ ಮಾತು ಹೇಳಿದೆ, ಆ ಫೋನಿನ ಸಂಜೆಯನ್ನೂ ಹೇಳಿದೆ. ಕೂತು ಕೇಳಿಸಿಕೊಂಡರು. "ಅವತ್ತು ಫೋನಲ್ಲಿ ನಾನೂ ನಕ್ಕಿದ್ದೆ" ಅಂದು ಎದ್ದು ಹೋಗಿ ಸ್ಟೇಷನ್ನಿನಿಂದ ನನಗೆ ನಮ್ಮೂರಿನ ಟಿಕೆಟು ತಂದರು.

ಹದಿನಾಲ್ಕು ಬಿಳಿ ಗುಂಡಿಗಳನ್ನು ಒಂದು ಬಟ್ಟೆಯ ಪಟ್ಟಿಗೆ ಸಾಲಾಗಿ ಹೊಲಿದಿದ್ದೇನೆ, ನಿನಗೆ ತೋರಿಸಲು. ನಾನು ಬರುತ್ತಿರುವುದು ಪಾಠ ಹೇಳಲಿಕ್ಕಲ್ಲ. ಮಡಚುವ ಕೋಣೆಯ ಹೊರಗೆ ನಿನ್ನ ಪಾಳಿ ಮುಗಿಯುವ ತನಕ ಕಾಯುತ್ತೇನೆ. ಆಮೇಲೆ ನೀನು ಬೇಕೆಂದರೆ ಅಂಗೈ ಚಾಚು, ಬೇಡವೆಂದರೆ ಮುಚ್ಚಿಕೋ. ನಾನು ಪಕ್ಕದಲ್ಲಿರುತ್ತೇನೆ. ಮಾವ ನಿನ್ನ ಕೆಲಸದ ಬಗ್ಗೆ ಕೇಳಿದರು. ಆಸ್ಪತ್ರೆಯಲ್ಲಿ ಬಟ್ಟೆ ಮಡಚುತ್ತಾಳೆ ಅಂದೆ, ತಲೆ ತಗ್ಗಿಸದೆ ಅಂದೆ. ಕೋಪ ಬಂದರೆ ಬಂದ ಮೇಲೆ ಬೈ.

ಎಕ್ಸ್‌ಪ್ರೆಸ್ ಬೇಡ ಅಂದೆ. ಅದು ಅಲ್ಲಿ ನಮ್ಮ ಮನೆ ಬೀದಿಯ ಹಿಂದಿನ ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ. ಶುಕ್ರವಾರ, ಇಪ್ಪತ್ತೊಂದನೇ ತಾರೀಖು, ಬೆಳಗ್ಗೆ ಆರೂ ನಲವತ್ತರ ಪ್ಯಾಸೆಂಜರಿನಲ್ಲಿ ಬಂದು ಅಲ್ಲೇ ಇಳಿಯುತ್ತೇನೆ.